ಗುಡ್ಡದ ವಸ್ತಿ

ನಸುಕಿನ ನಾಲ್ಕು ಗಂಟೆಗೆ ಅಣ್ಣ ಕಂದೀಲು ಇಟ್ಟುಕೊಂಡು ಚಕ್ಕಡಿಯ ಗಾಲಿ ಪಕ್ಕ ಕೂತಿದ್ದ. ಕಡಾಣಿ ಕಿತ್ತು, ಗಾಲಿಯನ್ನು ಅಚ್ಚಿನಿಂದ ನಾಲ್ಕು ಬೆರಳು ಹೊರಗೆಳೆದು, ಬಿದಿರ ಕೊಳವೆಯಲ್ಲಿದ್ದ ಕೀಲೆಣ್ಣೆಯನ್ನು ಚಿಂದಿ ಸುತ್ತಿದ ಕಡ್ಡಿಯಿಂದ ಅಚ್ಚಿಗೆ ಬಳಿಯುತ್ತಿದ್ದ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಪ್ಪನ ತೊಡೆಯ ಮೇಲೆ ಕೂತು ಗುಡ್ಡಕ್ಕೆ ಹೋದ ಹುಡುಗಿಯಾದೆ. ಐವತ್ತು ವರ್ಷದ ಮೇಲಾಯಿತು ಆ ಮಾತಿಗೆ.

2025ರ ಜನವರಿ 11, ಶನಿವಾರ. ಸೋಮವಾರ ಬನದ ಹುಣ್ಣಿಮೆ, ಮರುದಿನವೇ ಸಂಕ್ರಾಂತಿ. ನನ್ನ ತವರೂರು ಕಿತ್ತೂರಿಗೂ ಬೈಲಹೊಂಗಲಕ್ಕೂ ನಡುವೆ ಇರುವ ಎರೆ ಭೂಮಿಯ ಒಂದು ಸಣ್ಣ ಹಳ್ಳಿ. ಅಲ್ಲಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಈಗ ಎಲ್ಲರೂ ಟ್ರ್ಯಾಕ್ಟರಿನಲ್ಲಿ, ಕ್ರೂಸರಿನಲ್ಲಿ ಹೋಗುತ್ತಾರೆ. ಅಣ್ಣನಿಗೆ ಮಾತ್ರ ಚಕ್ಕಡಿಯೇ ಬೇಕಿತ್ತು. ಎರಡು ವರ್ಷದ ಹಿಂದೆ ಚರ್ಮಗಂಟು ರೋಗ ಬಂದು ಊರಿನ ದನಕರು ಸಾಲುಸಾಲಾಗಿ ಮಲಗಿದಾಗ ಅವನ ಬಲಗಡೆ ಎತ್ತು ಹದಿನೈದು ದಿನ ಮೇವು ಮುಟ್ಟಿರಲಿಲ್ಲ. "ಎದ್ದು ನಿಂತರ ಇವನ್ನ ಹೂಡಿಕೊಂಡ ನಿನ್ನ ಗುಡ್ಡಕ್ಕ ಬರ್ತೀನವ್ವಾ ಅಂತ ಬೇಡ್ಕೊಂಡಿದ್ದೆ" ಅಂದ. ಎತ್ತು ಎದ್ದು ನಿಂತಿತು. ಅವನ ಮಗ ಟ್ರ್ಯಾಕ್ಟರಿನಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹಿಂದಿನಿಂದ ಬರುವುದು, ಚಕ್ಕಡಿಯಲ್ಲಿ ಅಣ್ಣ, ವೈನಿ, ನಾನು ಎಂದಾಯಿತು.

ಹಿಂದಿನ ದಿನ ಧಾರವಾಡದಿಂದ ಬರುವಾಗ ನಾನು ಕಿತ್ತೂರಿನಲ್ಲಿ ಇಳಿದು ಕೋಟೆಯ ಒಳಗೆ ಒಂದು ಸುತ್ತು ಹಾಕಿ ಬಂದಿದ್ದೆ. ಪಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದೇ ಇಟ್ಟ ಕಿಂಡಿ ಇದೆ. ಶಿಕ್ಷಕಿಯಾಗಿದ್ದಾಗ ಸಾಲೆಯ ಮಕ್ಕಳನ್ನು ಕರೆದುಕೊಂಡು ಬಂದಾಗಲೆಲ್ಲ ಅವರನ್ನು ಒಬ್ಬೊಬ್ಬರನ್ನಾಗಿ ಅದರ ಮುಂದೆ ನಿಲ್ಲಿಸುತ್ತಿದ್ದೆ. ಇದೇ ಕೋಟೆಯ ಹೊರಗಿನ ಬಯಲಿನಲ್ಲಿ 1824ರ ಅಕ್ಟೋಬರದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಫೌಜು ತಂದು ಡೇರೆ ಹೊಡೆದಿದ್ದ. 23ರಂದು ರಾಣಿ ಚೆನ್ನಮ್ಮನ ಪಡೆ ಕೋಟೆಯ ಬಾಗಿಲು ತೆರೆದು ಹೊರಬಿತ್ತು, ಥ್ಯಾಕರೆ ಅಲ್ಲೇ ಸತ್ತ. ಆ ದಿನಕ್ಕೆ 2024ರಲ್ಲಿ 200 ವರ್ಷ ತುಂಬಿದಾಗ ಊರೆಲ್ಲ ದೀಪ ಹಚ್ಚಿತ್ತು. ನಮ್ಮ ಸೀಮೆಗೆ ಕ್ಯಾಂಪ್ ಎಂಬ ಮಾತು ಬಂದದ್ದು ಅಂಥ ಡೇರೆಗಳ, ತೋಪಿನ ಜೊತೆಗೇ ಇರಬೇಕು. ಬೆಳಗಾವಿಯಲ್ಲಿ ಇವತ್ತಿಗೂ ಕ್ಯಾಂಪ್ ಅಂದರೆ ದಂಡಿನ ಪ್ರದೇಶ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರಿಗೆ ಬಂದು ನೆಲೆಸಿದವರ ಊರಿಗೆ ಅದೇ ಹೆಸರು. ನಮ್ಮ ಮನೆಗಳಲ್ಲಿ ಇದ್ದ ಮಾತು ಬೇರೆ: ವಸ್ತಿ. ರಾತ್ರಿ ಹಳ್ಳಿಗೆ ಬಂದು ನಿಂತು ಬೆಳಿಗ್ಗೆ ಹೊರಡುವ ಬಸ್ಸಿಗೆ ವಸ್ತಿ ಬಸ್ಸು ಎನ್ನುತ್ತೇವೆ. ದಾರಿ ಮೇಲೆ ಹೊತ್ತು ಮುಳುಗಿದರೆ "ಇಲ್ಲೇ ವಸ್ತಿ ಮಾಡೂನು" ಎನ್ನುತ್ತೇವೆ. ಆ ಮಾತಿನಲ್ಲಿ ಒಲೆ ಇದೆ, ನೀರಿದೆ, ಪಕ್ಕದಲ್ಲಿ ಇನ್ನೊಬ್ಬರ ಚಕ್ಕಡಿ ಇದೆ.

ಚಕ್ಕಡಿಗೆ ಅಣ್ಣ ಕೊಲ್ಲಾರಿ ಕಟ್ಟಿದ್ದ. ಹಸಿ ಬಿದಿರನ್ನು ಸೀಳಿ ಕಮಾನಿನಂತೆ ಬಗ್ಗಿಸಿ ಎರಡೂ ಬದಿಯ ಗೂಟಕ್ಕೆ ಬಿಗಿದು, ಮೇಲೆ ಚಾಪೆ, ಅದರ ಮೇಲೆ ತಾಡಪತ್ರಿ. ಒಳಗೆ ಒಂದು ಮೊಳ ದಪ್ಪಕ್ಕೆ ಹೊಟ್ಟು ಹಾಸಿ, ಮೇಲೆ ಜಮಖಾನ, ಅವ್ವ ಹೊಲಿದಿಟ್ಟ ಕೌದಿ. ಹಿಂದುಗಡೆ ಕಣಿಕೆಯ ಸಿವುಡು, ಹಿಂಡಿಯ ಚೀಲ. ಅಡಿಯಲ್ಲಿ ತೂಗುಬಿಟ್ಟ ಬಕೆಟ್ಟು, ಕಂದೀಲು, ನೀರಿನ ಕೊಡ. ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರಿನ ಗಡಿಗೆ ವೈನಿಯ ಕೈಗೆ ಸಿಗುವಷ್ಟು ದೂರದಲ್ಲಿ. ಎತ್ತುಗಳಿಗೆ ಕೋಡಣಸು, ಗೆಜ್ಜೆಸರ, ಬೆನ್ನ ಮೇಲೆ ಜೂಲ. ಮನೆ ಅನ್ನುವುದು ಇಷ್ಟರಲ್ಲಿ ಹಿಡಿಯುತ್ತದೆ ಎಂದು ನೆಲದ ಮೇಲಿನ ಮನೆಯಲ್ಲಿ ಕೂತಾಗ ಹೊಳೆಯುವುದಿಲ್ಲ.

ಬೈಲಹೊಂಗಲ ದಾಟುವಾಗ ಬಿಸಿಲೇರಿತ್ತು. ಕಿತ್ತೂರು ಬಿದ್ದ ಮೇಲೆ ಚೆನ್ನಮ್ಮನನ್ನು ತಂದು ಸೆರೆಯಲ್ಲಿಟ್ಟದ್ದು ಈ ಊರಲ್ಲೇ. 1829ರ ಫೆಬ್ರುವರಿಯಲ್ಲಿ ಆಕೆ ಇಲ್ಲೇ ಕಣ್ಣು ಮುಚ್ಚಿದಳು. ಸಮಾಧಿಯ ಕಡೆಗೆ ತಿರುಗುವ ರಸ್ತೆ ಬಂದಾಗ ಅಣ್ಣ ಚಕ್ಕಡಿ ನಿಲ್ಲಿಸಲಿಲ್ಲ, ಬಾರುಕೋಲು ಹಿಡಿದ ಕೈಯನ್ನೇ ಎದೆಗೆ ಮುಟ್ಟಿಸಿಕೊಂಡ. ಅಪ್ಪನೂ ಹಾಗೆಯೇ ಮಾಡುತ್ತಿದ್ದ.

ಊರು ದಾಟಿದರೆ ಎರಡೂ ಕಡೆ ಬಿಳಿಜೋಳ, ಕಡಲೆ, ನಡುನಡುವೆ ಅರಿಸಿನ ಬಣ್ಣದ ಕುಸುಬೆ ಹೂವು. ಎಳ್ಳಮವಾಸ್ಯೆಯ ಚರಗ ಚೆಲ್ಲಿ ಎರಡು ವಾರವೂ ಆಗಿರಲಿಲ್ಲ. ಒಂದು ಹೊಲದ ಬದುವಿನಲ್ಲಿ ಸೀತನಿ ಸುಡುತ್ತಿದ್ದವರು ಗೆಜ್ಜೆ ಸದ್ದು ಕೇಳಿ ರಸ್ತೆಗೆ ಓಡಿ ಬಂದರು. "ಗುಡ್ಡಕ್ಕ ಹೊಂಟೀರೇನ್ರೀ? ನಮ್ಮದೂ ಒಂದ ಕಾಯಿ ಒಡಸ್ರಿ" ಎಂದು ಒಂದು ತೆಂಗಿನಕಾಯಿಯನ್ನೂ ಹತ್ತು ರೂಪಾಯಿಯನ್ನೂ ವೈನಿಯ ಉಡಿಗೆ ಹಾಕಿ, ನನ್ನ ಕೈಗೆ ಬಿಸಿ ಸೀತನಿ ಸುರುವಿದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಚಕ್ಕಡಿಯಲ್ಲಿ ಹೋಗುವವರ ಕೈಯಲ್ಲಿ ಕಾಯಿ ಕೊಡಬಹುದು ಎಂಬ ನಂಬಿಕೆ. ದಾರಿಯುದ್ದಕ್ಕೂ ಹೀಗೆ ಕೊಟ್ಟ ಏಳು ಕಾಯಿಗಳನ್ನು ವೈನಿ ಬೇರೆ ಚೀಲದಲ್ಲಿ ಇಟ್ಟು, ಒಂದೊಂದನ್ನೂ ನೆನಪಿಟ್ಟು ಒಡೆಸಿದಳು. ಟ್ರ್ಯಾಕ್ಟರಿನಲ್ಲಿ ಬಂದ ಅಣ್ಣನ ಮಗನಿಗೆ ಒಂದು ಕಾಯಿಯೂ ಸಿಕ್ಕಿರಲಿಲ್ಲ, ಅವನು ಅಷ್ಟು ವೇಗದಲ್ಲಿ ಬಂದಿದ್ದ.

ಮೊದಲ ವಸ್ತಿ ಸೊಗಲದಲ್ಲಿ. ಸೋಮೇಶ್ವರನ ಗುಡಿಯ ಹತ್ತಿರ ಬಂಡೆಗಲ್ಲಿನ ಮೇಲಿಂದ ನೀರು ಬೀಳುತ್ತದೆ. ಮಳೆಗಾಲದಲ್ಲಿ ಅದರ ಸದ್ದಿಗೆ ಮಾತು ಕೇಳಿಸುವುದಿಲ್ಲ, ಜನವರಿಯಲ್ಲಿ ಧಾರೆ ಸಣ್ಣದು. ಎತ್ತಿನ ಮೈ ತಿಕ್ಕಿ, ಕಣಿಕೆ ಹಾಕಿ, ಮೂರು ಕಲ್ಲು ಹೂಡಿ ಜೋಳದ ನುಚ್ಚು ಬೇಯಿಸಿದೆವು. ಸ್ವಲ್ಪ ದೂರದ ಹೊಲದಲ್ಲಿ ಕುರಿಹಟ್ಟಿ ಬಿಟ್ಟಿತ್ತು. ಬಲೆಯ ಒಳಗೆ ನೂರಾರು ಕುರಿ, ಹೊರಗೆ ಒಂದು ಕುದುರೆ, ಅದು ಹೊತ್ತು ತಂದ ಪಾತ್ರೆಪಗಡ, ಕಂಬಳಿಯ ಗುಡಾರದಲ್ಲಿ ತೊಟ್ಟಿಲು. ಹಟ್ಟಿ ಒಂದು ರಾತ್ರಿ ನಿಂತರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು, ಹೊಲದವನಿಗೆ ಬರುವ ವರ್ಷದ ಬೆಳೆ. ಗಾಲಿಯ ಮೇಲೂ ಕುದುರೆಯ ಮೇಲೂ ಮನೆ ಇಟ್ಟುಕೊಂಡು ಬದುಕುವವರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಕಬ್ಬು ಕಡಿಯುವ ಹೊತ್ತಿಗೆ ಚಕ್ಕಡಿ ಸಮೇತ ಬರುವ ಗ್ಯಾಂಗಿನವರು, ವಂಶಾವಳಿ ಓದುವ ಹೆಳವರು, ರಸ್ತೆ ಬದಿ ತಿದಿ ಊದಿ ಕುಡುಗೋಲು ಬಡಿಯುವ ಘಿಸಾಡಿಗಳು. ಇವರ ವಸ್ತಿ ಹರಕೆಯದಲ್ಲ, ಹೊಟ್ಟೆಯದು. ಎರಡನ್ನೂ ಒಂದೇ ಉಸಿರಿನಲ್ಲಿ ಚಂದವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕಬ್ಬಿನ ಗದ್ದೆಯ ಗುಡಿಸಲಿನ ಮಕ್ಕಳು ನನ್ನ ಸಾಲೆಯಲ್ಲಿ ಮೂರು ತಿಂಗಳು ಕೂತು ಕಾಣೆಯಾಗುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೆರೆ ಎಳೆಯುವಾಗ ಕೈ ಭಾರವಾಗುತ್ತಿತ್ತು.

ಮರುದಿನ ಮುನವಳ್ಳಿಯಲ್ಲಿ ಮಲಪ್ರಭೆ ದಾಟಿದೆವು. ಇಲ್ಲಿಗೆ ಸಮೀಪದ ನವಿಲುತೀರ್ಥದಲ್ಲಿ, ಹೊಳೆ ಗುಡ್ಡ ಸೀಳಿಕೊಂಡು ಹೊರಡುವ ಇಕ್ಕಟ್ಟಿನಲ್ಲಿ, 1970ರ ದಶಕದ ಮೊದಲಲ್ಲಿ ಆಣೆಕಟ್ಟು ಮುಗಿಯಿತು. ಅದರ ಹಿಂದೆ ನಿಂತ ನೀರಿಗೆ ರೇಣುಕಾಸಾಗರ ಎಂದು ಹೆಸರಿಟ್ಟರು, 37 ಟಿಎಂಸಿ ಅಡಿಗೂ ಮೇಲೆ ಹಿಡಿಯುತ್ತದೆ. ರೇಣುಕೆ ದಿನಾ ಇದೇ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ಜಮದಗ್ನಿಗೆ ನೀರು ಒಯ್ಯುತ್ತಿದ್ದಳು ಎಂಬ ಕತೆ ಗೊತ್ತಿದ್ದ ನಮ್ಮ ಅವ್ವ, ಆಣೆಕಟ್ಟಿನ ನೀರು ಮೊದಲ ಸಲ ನೋಡಿದಾಗ ಕೈಮುಗಿದು ಬಹಳ ಹೊತ್ತು ನಿಂತಿದ್ದು ನನಗೆ ನೆನಪಿದೆ.

ಸವದತ್ತಿ ಹಳೆಯ ಊರು. ಶಾಸನಗಳಲ್ಲಿ ಇದು ಸುಗಂಧವರ್ತಿ, ರಟ್ಟರ ರಾಜಧಾನಿ. ಆಮೇಲೆ ರಟ್ಟರು ಬೆಳಗಾವಿಗೆ ಹೋದರು. ಊರ ಮೇಲಿನ ಎಂಟು ಕೊತ್ತಲಗಳ ಕೋಟೆಯನ್ನು ಕೆಳಗಿನಿಂದಲೇ ನೋಡಿ ನಾವು ಜೋಗುಳಬಾವಿಗೆ ನಡೆದೆವು. ಗುಡ್ಡ ಏರುವ ಮುಂಚೆ ಇಲ್ಲಿ ಮಿಂದು ಸತ್ಯಮ್ಮನಿಗೆ ಕೈಮುಗಿಯಬೇಕು. ಅಲ್ಲಿಂದ ಮುಂದೆ ರಸ್ತೆಯೇ ಕಾಣಿಸಲಿಲ್ಲ. ಮುಂದೆ ಚಕ್ಕಡಿ, ಹಿಂದೆ ಟ್ರ್ಯಾಕ್ಟರು, ಪಕ್ಕದಲ್ಲಿ ಕ್ರೂಸರು, ಟಂಟಂ, ಸಾರಿಗೆ ಸಂಸ್ಥೆಯ ಬಸ್ಸು, ಕೊಲ್ಲಾಪುರ ಕಡೆಯಿಂದ ಬಂದ ಟೆಂಪೋ, ತಲೆ ಮೇಲೆ ದೇವಿಯ ಜಗ ಹೊತ್ತು ಕಾಲ್ನಡಿಗೆಯಲ್ಲಿ ಹೊರಟವರು. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೇಟು ಮಾಫಿ ಆದ ಮೇಲೆ, ಮನೆಯ ಗಂಡಸರ ಬಿಡುವಿಗೆ ಕಾಯದೆ ತಾವೇ ಗುಂಪು ಕಟ್ಟಿಕೊಂಡು ಬರುವ ಹೆಂಗಸರು ಎಲ್ಲ ಕಡೆ ಕಂಡರು. ಅವರ ನಡಿಗೆಯೇ ಬೇರೆಯಾಗಿತ್ತು. ನನಗೆ ಬಹಳ ಖುಷಿಯಾಯಿತು.

"ಉಧೋ ಉಧೋ" ಎಂದು ಒಂದು ಗಾಡಿಯಿಂದ ಕೂಗು ಎದ್ದರೆ ಮುಂದಿನ ಗಾಡಿ ಅದನ್ನು ಹಿಡಿದು ಅದರ ಮುಂದಿನದಕ್ಕೆ ದಾಟಿಸುತ್ತದೆ. ಕೂಗು ನಮಗಿಂತ ಮೊದಲು ಗುಡ್ಡ ಮುಟ್ಟಿತು.

ಗುಡ್ಡದ ಮೇಲಿನ ಬಯಲು ನೋಡಬೇಕು. ಕಣ್ಣು ಹಾಯುವ ತನಕ ತಾಡಪತ್ರಿ: ನೀಲಿ, ಹಳದಿ, ಹಸಿರು. ಟ್ರ್ಯಾಕ್ಟರಿನವರು ಟ್ರೇಲರನ್ನು ಎರಡು ಅಂತಸ್ತು ಮಾಡಿಕೊಂಡು ಬಂದಿರುತ್ತಾರೆ. ಎರಡೂ ಬದಿಯ ಪಾಟೀಗಳ ಮೇಲೆ ಅಡ್ಡ ಹಲಗೆ ಹಾಕಿ, ಕೆಳಗೆ ಕಟ್ಟಿಗೆ, ಹಿಟ್ಟಿನ ಡಬ್ಬಿ, ನೀರಿನ ಕ್ಯಾನು, ಮೇಲೆ ಹಾಸಿಗೆ. ಮುದುಕರೂ ಬಾಣಂತಿಯರೂ ಮೇಲಿನ ಅಂತಸ್ತಿನಲ್ಲಿ. ನಾಲ್ಕು ಮೂಲೆಗೆ ಬಿದಿರು ನಿಲ್ಲಿಸಿ ತಾಡಪತ್ರಿ ಬಿಗಿದರೆ ಮನೆ ನಿಂತಿತು. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಒಂದು ವೈರು ಎಳೆದು ಬಲ್ಬು, ಅದಕ್ಕೇ ನಾಲ್ಕು ಮೊಬೈಲು. ಚಕ್ಕಡಿಯವರು ನೊಗ ಇಳಿಸಿ, ಎತ್ತುಗಳನ್ನು ಗಾಲಿಗೆ ಕಟ್ಟಿ, ಎರಡು ಚಕ್ಕಡಿಯ ನಡುವೆ ಜಮಖಾನ ಎಳೆದುಕೊಂಡರೆ ಹಜಾರ. ಯಾರೂ ಗೆರೆ ಎಳೆದು ಕೊಟ್ಟಿರುವುದಿಲ್ಲ, ಆದರೂ ನಡುವೆ ಒಂದು ಚಕ್ಕಡಿ ಹಾಯುವಷ್ಟು ಓಣಿ ತಾನಾಗಿ ಉಳಿದಿರುತ್ತದೆ. ಊರಿನವರು ಊರಿನವರ ಪಕ್ಕವೇ ಇಳಿಯುತ್ತಾರೆ. ಜಾಗ ಹಿಡಿಯಲು ಒಬ್ಬ ಹುಡುಗ ಎರಡು ದಿನ ಮೊದಲೇ ಬಂದು ಕೌದಿ ಹಾಸಿ ಕೂತಿರುತ್ತಾನೆ.

ನಮಗೆ ಹಾಗೆ ಯಾರೂ ಇರಲಿಲ್ಲ. ಎತ್ತು ದಣಿದಿದ್ದವು, ಹೊತ್ತು ಇಳಿದಿತ್ತು. ಅಣ್ಣ ನೊಗ ಹಿಡಿದುಕೊಂಡು ಅತ್ತ ಇತ್ತ ನೋಡುತ್ತಿದ್ದಾಗ ಒಂದು ಟ್ರೇಲರಿನ ಮೇಲಿಂದ ಮುದುಕಿಯೊಬ್ಬಳು ಕೂಗಿದಳು: "ಏ ತಮ್ಮಾ, ಚಕ್ಕಡಿ ಇತ್ತ ಹೊಡೀ. ನಮ್ಮ ಹುಡುಗೂರು ಸರಕೋತಾರ."

ರಾಮದುರ್ಗದವರು, ನೇಕಾರರು. ಮಗ, ಸೊಸೆ, ಮೊಮ್ಮಕ್ಕಳು ಕೂಡಿ ಹನ್ನೊಂದು ಜನ. ಎರಡು ನಿಮಿಷದಲ್ಲಿ ಹಾಸಿಗೆ ಸುತ್ತಿ, ಒಲೆ ಸರಿಸಿ, ನಮ್ಮ ಚಕ್ಕಡಿಗೆ ಜಾಗ ಮಾಡಿದರು. ಎತ್ತು ಕಂಡದ್ದೇ ಅವರ ಮೊಮ್ಮಗಳು ಓಡಿ ಬಂದು ಹಣೆ ಮುಟ್ಟಿ ನಮಸ್ಕಾರ ಮಾಡಿದಳು. ಅದಾದ ಮೇಲೆ ನಮ್ಮದು ಅವರದು ಎಂಬ ಲೆಕ್ಕ ಉಳಿಯಲಿಲ್ಲ. ಅವರ ಒಲೆ ಮೇಲೆ ನಮ್ಮ ಬೇಳೆ ಬೆಂದಿತು, ನಮ್ಮ ಕೊಡದ ನೀರು ಅವರ ಹಿಟ್ಟಿಗೆ ಹೋಯಿತು. ಮುದುಕಿಯನ್ನು ನಾನು ಆಯಿ ಎಂದು ಕರೆದೆ. ಆಕೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಐವತ್ತು ವರ್ಷ ಸೀರೆ ನೇಯ್ದ ಹೆಂಗಸು. ಕೂತಲ್ಲೇ ಪಾದ ಒಂದೊಂದಾಗಿ ಒತ್ತುವ ರೂಢಿ ಬಿಟ್ಟಿರಲಿಲ್ಲ. ರಾಮದುರ್ಗ ಸಂಸ್ಥಾನವಿದ್ದ ಕಾಲದ, 1939ರ ಏಪ್ರಿಲಿನ ದಂಗೆಯ ಕತೆಯನ್ನು ಆಕೆಯ ಅತ್ತೆ ಹೇಳುತ್ತಿದ್ದಳಂತೆ. ಹೆಂಗಸರು ಬಾಗಿಲು ಹಾಕಿಕೊಂಡು ಮಗ್ಗದ ಅಡಿಯಲ್ಲಿ ಮಕ್ಕಳನ್ನು ಮಲಗಿಸಿದ್ದರಂತೆ.

ಅವತ್ತು ರಾತ್ರಿ ಕೊಲ್ಲಾರಿಯ ಬಾಯಿಂದ ಚಂದ್ರನನ್ನು ನೋಡುತ್ತ ಮಲಗಿದಾಗ ನನಗೆ ಬೇರೊಂದು ರಾತ್ರಿ ನೆನಪಾಯಿತು. ಮಗ ಶಿಕಾಗೋದಲ್ಲಿದ್ದಾನೆ. ಎರಡು ಬೇಸಿಗೆಯ ಹಿಂದೆ ನಾನು ಹೋದಾಗ ಬಾಡಿಗೆಗೆ ಒಂದು ಆರ್.ವಿ. ತಂದಿದ್ದ. ಒಳಗೇ ಮಂಚ, ಒಲೆ, ಬಚ್ಚಲು ಇರುವ ದೊಡ್ಡ ಬಂಡಿ. "ಅವ್ವಾ, ಇದು ಇಲ್ಲಿಯವರ ಕೊಲ್ಲಾರಿ" ಅಂದ. ಮಿಶಿಗನ್ ಸರೋವರದ ದಂಡೆ ಹಿಡಿದು ಇಂಡಿಯಾನಾ ಡ್ಯೂನ್ಸ್ ಕಡೆ ಹೋದೆವು. ಸರೋವರದ ಗಾಳಿ ಪೇರಿಸಿದ ಮರಳಗುಡ್ಡಗಳ ಆ ಪ್ರದೇಶ 2019ರಲ್ಲಿ ರಾಷ್ಟ್ರೀಯ ಉದ್ಯಾನವಾಗಿದೆ. ಇಂಥ ಬಂಡಿ ಕಟ್ಟುವ ಕಾರ್ಖಾನೆಗಳೇ ತುಂಬಿರುವ ಎಲ್ಕಾರ್ಟ್ ಎಂಬ ಊರು ಅದೇ ಇಂಡಿಯಾನಾದಲ್ಲಿದೆ. ವಸ್ತಿಯ ಜಾಗದಲ್ಲಿ ಪ್ರತಿ ಬಂಡಿಗೂ ಒಂದು ನಂಬರು, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಕರೆಂಟಿನ ಕಂಬ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡಬಾರದು. ಕಸಕ್ಕೆ ಜಾಗ, ಬಚ್ಚಲ ನೀರು ಬಿಡಲು ಬೇರೆ ಜಾಗ. ನಡುವೆ ಒಂದು ಕಟ್ಟಡ, ರಾತ್ರಿಯಿಡೀ ದೀಪ, ಬಿಸಿನೀರು, ಸ್ವಚ್ಛ ಶೌಚಾಲಯ. ನಡುರಾತ್ರಿ ನಾನೊಬ್ಬಳೇ ಚಪ್ಪಲಿ ಮೆಟ್ಟಿಕೊಂಡು ಅಲ್ಲಿಗೆ ಹೋಗಿ ಬಂದೆ. ಅಂಜಿಕೆ ಅನ್ನಿಸಲಿಲ್ಲ. ಹೊರಡುವ ದಿನ ಪಕ್ಕದ ಬಂಡಿಯ ವಯಸ್ಸಾದ ದಂಪತಿ ತಮ್ಮಲ್ಲಿ ಉಳಿದ ಕಟ್ಟಿಗೆಯನ್ನು ನಮ್ಮ ಬೆಂಕಿಯ ಬಳೆಯ ಪಕ್ಕ ಜೋಡಿಸಿ, ಕೈಬೀಸಿ ಹೋದರು. ವರ್ಷದ ಅರ್ಧ ಕಾಲ ಅವರ ಮನೆ ಗಾಲಿಯ ಮೇಲೆಯೇ ಇರುತ್ತದಂತೆ.

ಆ ದೀಪವಿದ್ದ ಕಟ್ಟಡ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ನಾನು ಚಿಕ್ಕವಳಿದ್ದಾಗ ಈ ಗುಡ್ಡದಲ್ಲಿ ಹೆಂಗಸರು ಮುಂಜಾನೆ ಮೂರಕ್ಕೇ ಎದ್ದು, ಐದಾರು ಜನ ಗುಂಪುಕಟ್ಟಿ, ಕತ್ತಲಲ್ಲಿ ಕಲ್ಲುಮುಳ್ಳು ತುಳಿದು ಇಳಿಜಾರಿಗೆ ಹೋಗುತ್ತಿದ್ದೆವು. ಅವ್ವ ದಿನವಿಡೀ ನೀರು ಕುಡಿಯುತ್ತಿರಲಿಲ್ಲ. ಮಗಳಿಗೂ ಕುಡಿಸುತ್ತಿರಲಿಲ್ಲ. ಈಗ ಶೌಚಾಲಯಗಳಿವೆ, ನಲ್ಲಿಗಳಿವೆ, ದೊಡ್ಡ ದೀಪದ ಕಂಬಗಳಿವೆ. ಆದರೆ ಹುಣ್ಣಿಮೆಯ ದಿನ ಲಕ್ಷಗಟ್ಟಲೆ ಜನ ಬಂದು ಬಯಲಿನ ತುದಿಮೂಲೆವರೆಗೆ ಇಳಿದಾಗ, ತುದಿಯಲ್ಲಿದ್ದವರಿಗೆ ಅವು ದೂರವೇ. ನಮ್ಮ ವೈನಿ ಆ ಎರಡು ದಿನವೂ ನೀರು ಅಳೆದು ಕುಡಿದಳು. ನಾನು ಕುಡಿ ಅಂದರೆ "ಇರ್ಲಿ ಬಿಡವ್ವಾ" ಅಂದಳು. ಅಷ್ಟರಲ್ಲಿ ಎಲ್ಲ ತಿಳಿಯಿತು.

2024ರಲ್ಲಿ ರಾಜ್ಯ ಸರ್ಕಾರ ಈ ಗುಡ್ಡಕ್ಕಾಗಿಯೇ ಶ್ರೀ ರೇಣುಕಾ ಯಲ್ಲಮ್ಮ ಕ್ಷೇತ್ರ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿ ಮಾಡಿತು. ಅದೇ ವರ್ಷ ಕೇಂದ್ರದಿಂದ ಸುಮಾರು 100 ಕೋಟಿ ರೂಪಾಯಿ ಮಂಜೂರಾಯಿತು. ಒಳ್ಳೆಯದಾಗಲಿ ಎಂದು ಮನಸಾರೆ ಹಾರೈಸುತ್ತೇನೆ. ದೇಶದಲ್ಲಿ ಕಾರವಾನ್ ಪ್ರವಾಸಕ್ಕೆಂದು ಕೇಂದ್ರ ಪ್ರವಾಸೋದ್ಯಮ ಇಲಾಖೆಯ ನೀತಿಯೂ ಇದೆ, ಕೇರಳ 2021ರಲ್ಲಿ ತನ್ನದೇ ಯೋಜನೆ ಶುರು ಮಾಡಿದೆ. ಇವನ್ನೆಲ್ಲ ಓದುವಾಗ ನನಗೆ ಒಂದೇ ಆಸೆ: ನಕ್ಷೆ ಬರೆಯುವವರು ಒಂದು ಬನದ ಹುಣ್ಣಿಮೆಗೆ ಚಕ್ಕಡಿಯಲ್ಲಿ ಬರಲಿ. ಖೋಲಿ ಕಟ್ಟಿದರೆ ಖೋಲಿಯ ಬಾಗಿಲು ಹಾಕಿಕೊಳ್ಳುತ್ತದೆ, ಹನ್ನೊಂದು ಜನದ ಮನೆ ಅದರಲ್ಲಿ ಹಿಡಿಯುವುದೂ ಇಲ್ಲ. ರೈತರಿಗೆ ಬೇಕಾದದ್ದು ಬಯಲು. ಎತ್ತಿಗೆ ನೀರಿನ ತೊಟ್ಟಿ, ಒಲೆ ಹೂಡಲು ನೆಲ, ಟ್ರೇಲರು ತಿರುಗಿಸುವಷ್ಟು ದಾರಿ, ಬಯಲಿನ ತುದಿಯವರೆಗೆ ದೀಪ, ತುದಿಯಲ್ಲೂ ಹೆಂಗಸರಿಗೆ ಶೌಚಾಲಯ. ಫರಸಿ ಹಾಸಿದ ಪಾರ್ಕಿಂಗಿನಲ್ಲಿ ಮೂರು ಕಲ್ಲು ಹೂಡಲಾಗುವುದಿಲ್ಲ.

ಸೋಮವಾರ ನಸುಕಿಗೇ ಹೂರಣದ ಕಂಪು. ಇಡೀ ಬಯಲು ಅಡಿಗೆಮನೆಯಾಗಿತ್ತು. ಹೋಳಿಗೆ, ಕಡಬು, ಅನ್ನ, ಬದನೆಕಾಯಿ ಪಲ್ಯ, ಮೊಸರು. ಎಣ್ಣೆಹೊಂಡದಲ್ಲಿ ಮಿಂದು ಬಂದು, ನಾಲ್ವರು ಜೋಗತಿಯರನ್ನು ಕರೆದು, ಕೌದಿಯ ಮೇಲೆ ಕೂರಿಸಿ, ಬಿದಿರ ಪಡ್ಡಲಗಿಗೆ ಎಲ್ಲದರಲ್ಲೂ ಒಂದಿಷ್ಟು ಇಟ್ಟು, ಭಂಡಾರ ಹಾರಿಸಿ "ಉಧೋ" ಎಂದೆವು. ಅಣ್ಣ ಮೊದಲ ತುತ್ತನ್ನು ಬಲಗಡೆಯ ಎತ್ತಿಗೆ ತಿನ್ನಿಸಿದ. ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಕಟ್ಟಿಸಿದನೆನ್ನುವ ಗುಡಿಯ ಸಾಲು ಮುಗಿಸಿ ಅಮ್ಮನ ಮುಖ ಕಂಡದ್ದು ಒಂದು ಗಳಿಗೆ. ಆ ಒಂದು ಗಳಿಗೆಗೆ ಎರಡು ದಿನದ ದಾರಿ ಹೆಚ್ಚೆನಿಸಲಿಲ್ಲ.

ಚೌಡಿಕೆ ನುಡಿಸುತ್ತಿದ್ದ ಜೋಗತಿಗೆ ನನ್ನಷ್ಟೇ ವಯಸ್ಸು. ಹಾಡು ಮುಗಿದ ಮೇಲೆ ನಾನು ಬಡಿಸಿದ ಹೋಳಿಗೆ ತಿನ್ನುತ್ತ, ಏಳು ವರ್ಷಕ್ಕೆ ತನಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟದ್ದನ್ನು ಹೇಳಿದಳು. ಇಂಥದೇ ಒಂದು ಹುಣ್ಣಿಮೆಯ ಜಾತ್ರೆಯಲ್ಲಿ, ಇದೇ ಬಯಲಿಗೆ ಚಕ್ಕಡಿಯಲ್ಲಿ ಕರೆತಂದಿದ್ದರು. ಹೊಸ ಲಂಗ ಕೊಡಿಸಿದ್ದರಿಂದ ಆಕೆಗೆ ದಾರಿಯುದ್ದಕ್ಕೂ ಸಂಭ್ರಮವಂತೆ. ಅದೇ ಕಾಲಕ್ಕೆ ಅದೇ ವಯಸ್ಸಿನ ನಾನು ಅಪ್ಪನ ತೊಡೆಯ ಮೇಲೆ ಕೂತು ಇಲ್ಲಿಗೆ ಬರುತ್ತಿದ್ದೆ, ಮರಳಿ ಮನೆಗೆ ಹೋಗುತ್ತಿದ್ದೆ, ಸಾಲೆಗೆ ಹೋಗುತ್ತಿದ್ದೆ. 1982ರ ದೇವದಾಸಿ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು. ಆಕೆಗೆ ಅದು ತಡವಾಗಿ ಬಂತು. "ನನ್ನ ಮಗಳು ನರ್ಸ್ ಅದಾಳ್ರೀ" ಎಂದಾಗ ಅವಳ ದನಿ ಚೌಡಿಕೆಯ ತಂತಿಯ ಹಾಗೆ ಬಿಗಿಯಾಗಿತ್ತು. ಈ ಗುಡ್ಡವನ್ನು ಪ್ರೀತಿಯಿಂದ ನೆನೆಯುವ ನಾನು ಆಕೆಯ ಚಕ್ಕಡಿಯ ದಾರಿಯನ್ನೂ ನೆನೆಯಬೇಕು. ಅದನ್ನು ಬಿಟ್ಟು ಬರೆದರೆ ಈ ಜಾತ್ರೆಯ ಬಗ್ಗೆ ಬರೆದಂತಾಗುವುದಿಲ್ಲ.

ಮಧ್ಯಾಹ್ನಕ್ಕೆ ಬಯಲು ಬಿಚ್ಚಿಕೊಳ್ಳತೊಡಗಿತು. ಮೊದಲು ತಾಡಪತ್ರಿ, ಆಮೇಲೆ ಬಿದಿರು, ಕಡೆಗೆ ಹಾಸಿಗೆ. ಆಯಿ ತನ್ನ ಒಲೆಯ ಬೂದಿಗೆ ನೀರು ಚಿಮುಕಿಸಿ, ಮಸಿ ಹಿಡಿದ ಮೂರೂ ಕಲ್ಲನ್ನು ಒಂದರ ಮೇಲೊಂದು ಹೊಂದಿಸಿ, ಓಣಿಯಿಂದ ಒಳಗೆ ಸರಿಸಿಟ್ಟಳು. "ಭಾರತ ಹುಣ್ಣಿವಿಗೆ ಬರಾವ್ರಿಗೆ ಹುಡುಕಾಡೂದು ಬ್ಯಾಡ" ಅಂದಳು. ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮನ ಮುತ್ತೈದೆತನ ಹೋಗುತ್ತದೆ, ಭಾರತ ಹುಣ್ಣಿಮೆಗೆ ಮರಳಿ ಬರುತ್ತದೆ. ನಡುವಿನದು ಈ ಬನದ ಹುಣ್ಣಿಮೆ. ಜಾತ್ರೆ ಇನ್ನೂ ಒಂದು ತಿಂಗಳು ಇತ್ತು. ವೈನಿಯೂ ನಮ್ಮ ಕಲ್ಲುಗಳನ್ನು ಒಯ್ದು ಅವುಗಳ ಪಕ್ಕದಲ್ಲಿ ಇಟ್ಟಳು.

"ನಾಳೆ ಸಂಕ್ರಾಂತಿ. ನೀ ನಮ್ಮ ಸಂಗಾಟ ಬಾರವ್ವಾ, ಹೊಳ್ಯಾಗ ಜಳಕಾ ಮಾಡೂನು" ಎಂದು ಆಯಿ ಕೈ ಹಿಡಿದಳು. ಅಣ್ಣನ ಮುಖ ನೋಡಿದೆ. ಅವನಿಗೆ ಎತ್ತಿನ ಜೊತೆ ಮರಳಬೇಕಿತ್ತು. "ಹೋಗಿ ಬಾ" ಅಂದ. ನಾನು ಮಕ್ಕಳ ನಡುವೆ ಟ್ರೇಲರಿನ ಮೇಲಿನ ಅಂತಸ್ತಿನಲ್ಲಿ ಕೂತು ರಾಮದುರ್ಗಕ್ಕೆ ಹೋದೆ. ದಾರಿಯಲ್ಲಿ ಕತ್ತಲಾಯಿತು. ಊರು ಮುಟ್ಟಿದಾಗ ಕೆಲವು ಮನೆಗಳಲ್ಲಿ ಮಗ್ಗದ ಸದ್ದು ಇನ್ನೂ ನಿಂತಿರಲಿಲ್ಲ.

ಬೆಳಿಗ್ಗೆ ಎಳ್ಳು ಅರಿಸಿನ ಅರೆದು ಮೈಗೆ ಹಚ್ಚಿಕೊಂಡು ಮಲಪ್ರಭೆಗೆ ಇಳಿದೆವು. ಮೊನ್ನೆ ಮುನವಳ್ಳಿಯಲ್ಲಿ ದಾಟಿದ್ದ ಅದೇ ಹೊಳೆ, ಆಣೆಕಟ್ಟು ಬಿಟ್ಟಷ್ಟು ನೀರು. 2019ರ ಆಗಸ್ಟಿನಲ್ಲಿ ಇದೇ ನೀರು ಊರೊಳಗೆ ನುಗ್ಗಿದಾಗ ಆಯಿಯ ಮಗ್ಗದ ಕುಣಿಯಲ್ಲಿ ವಾರಗಟ್ಟಲೆ ಕೆಸರು ನಿಂತಿತ್ತು. ಆಗ ಅವರು ಇದೇ ಟ್ರೇಲರಿನಲ್ಲಿ ಎತ್ತರದ ಜಾಗಕ್ಕೆ ಹೋಗಿ ಹನ್ನೆರಡು ರಾತ್ರಿ ಕಳೆದಿದ್ದರು. "ಗುಡ್ಡಕ್ಕ ಹೋಗಿ ಹೋಗಿ ರೂಢಿ ಇತ್ತು. ಏನೇನ ಹೇರಬೇಕು, ಎಲ್ಲಿ ಒಲಿ ಹೂಡಬೇಕು, ಎಲ್ಲಾ ಗೊತ್ತಿತ್ತು" ಎಂದು ಆಯಿ ನನ್ನ ಬೆನ್ನು ತಿಕ್ಕುತ್ತ ಹೇಳಿದಳು.

ದಂಡೆಯ ಮೇಲೆ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಎಳ್ಳು ಹೋಳಿಗೆ ಬಿಚ್ಚಿಟ್ಟಿದ್ದರು. ಮೊಮ್ಮಗಳು ಆಗಲೇ ಮೂರು ಕಲ್ಲು ಆಯ್ದು ತಂದು, ಚಹಾಕ್ಕೆ ನೀರಿಟ್ಟು, ಒಣಗಿದ ಕಡ್ಡಿ ಊದುತ್ತಿದ್ದಳು.